ಕೆಳದಿಯಿಂದ ಕವಲೇದುರ್ಗದವರೆಗೆ: ಮಲೆನಾಡಿನ ಪ್ರವಾಸಕ್ಕೊಂದು ದಾರಿ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ಶಿವಮೊಗ್ಗದಲ್ಲಿ ಮನೆಯಿರುವವರಿಗೆಲ್ಲ ನೆಂಟರಿಂದ, ಸ್ನೇಹಿತರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಎರಡು ದಿನ ಬಿಡುವಿದೆ, ಕಾರಿನಲ್ಲಿ ಬರುತ್ತೇವೆ, ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ, ಸಾಧ್ಯವಾದರೆ ಶೃಂಗೇರಿ, ಎಲ್ಲವನ್ನೂ ನೋಡಿಬಿಡಬಹುದೇ ಎಂದು ಕೇಳುತ್ತಾರೆ. ನಕಾಶೆಯ ಮೇಲೆ ಇವೆಲ್ಲ ಒಂದರ ಪಕ್ಕ ಒಂದು ಇರುವಂತೆ ಕಾಣುವುದು ನಿಜ. ಆದರೆ ಮಲೆನಾಡಿನಲ್ಲಿ ಎರಡು ಊರುಗಳ ನಡುವಿನ ಅಂತರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ನಡುವೆ ಒಂದು ಹಿನ್ನೀರು ಇದ್ದರೆ, ಒಂದು ಘಟ್ಟ ಇದ್ದರೆ, ಸಂಜೆ ಐದರ ಹೊತ್ತಿಗೆ ಮಂಜು ಇಳಿದರೆ ಮೂವತ್ತು ಕಿಲೋಮೀಟರಿಗೆ ಒಂದು ಗಂಟೆಯೂ ಸಾಲುವುದಿಲ್ಲ. ಪಟ್ಟಿ ಹಿಡಿದು ಬಂದವರ ಹಗಲೆಲ್ಲ ಕಾರಿನೊಳಗೇ ಕಳೆದುಹೋಗುತ್ತದೆ.

ಆದ್ದರಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಸ್ಥಳಗಳನ್ನು ಆರಿಸಬೇಡಿ, ಒಂದು ದಾರಿಯನ್ನು ಆರಿಸಿ. ಹಾಗೆ ಆರಿಸಿಕೊಳ್ಳಬಹುದಾದ ದಾರಿಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಕೆಳದಿಯ ಅರಸರು ತಮ್ಮ ರಾಜಧಾನಿಗಳನ್ನು ಬದಲಾಯಿಸುತ್ತ ಹೋದ ದಾರಿ. ಕೆಳದಿ, ಇಕ್ಕೇರಿ, ಬಿದನೂರು (ಈಗ ‘ನಗರ’ ಎಂದು ಕರೆಯುವ ಊರು), ಅಲ್ಲಿಂದ ಮುಂದೆ ಕವಲೇದುರ್ಗ. ಸಾಗರದ ಬಯಲು ಗದ್ದೆಗಳ ಸೀಮೆಯಲ್ಲಿ ಹುಟ್ಟಿದ ಒಂದು ಅರಸುಮನೆತನವು ಹೊರಗಿನ ದಾಳಿಗಳಿಗೆ ಬೆನ್ನು ಕೊಟ್ಟು ಹಂತಹಂತವಾಗಿ ದಟ್ಟ ಕಾಡಿನ, ಎತ್ತರದ ಬೆಟ್ಟಗಳ ಕಡೆಗೆ ಸರಿದ ಕಥೆ ಅದು. ಅದೇ ಕ್ರಮದಲ್ಲಿ ನೀವೂ ಸಾಗಿದರೆ ಇತಿಹಾಸವನ್ನು ಓದದೆಯೂ ನೆಲವೇ ಅದನ್ನು ತಿಳಿಸಿಕೊಡುತ್ತದೆ. ಮೂರು ರಾತ್ರಿಗಳಿದ್ದರೆ ಅವಸರವಿಲ್ಲದೆ ಮುಗಿಯುತ್ತದೆ: ಸಾಗರದಲ್ಲಿ ಒಂದು, ನಗರದ ಸುತ್ತಮುತ್ತ ಒಂದು, ತೀರ್ಥಹಳ್ಳಿಯಲ್ಲಿ ಒಂದು.

ಯಾವ ತಿಂಗಳು ಬರಬೇಕು ಎಂಬುದನ್ನು ಹೆಚ್ಚಿನವರು ಜಲಪಾತ ನೋಡಿಕೊಂಡು ತೀರ್ಮಾನಿಸುತ್ತಾರೆ. ಊಟ ನೋಡಿಕೊಂಡು ತೀರ್ಮಾನಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಜಲಪಾತದಂತೆ ಮಲೆನಾಡಿನ ಅಡುಗೆಯೂ ಋತುಮಾನಕ್ಕೆ ಕಟ್ಟುಬಿದ್ದದ್ದು. ಆಷಾಢ ಶ್ರಾವಣಗಳ ಮಳೆಯಲ್ಲಿ ಬಂದರೆ ಕೆಸುವಿನ ಎಲೆಯ ಪತ್ರೊಡೆ ಸಿಗುತ್ತದೆ, ಕಳಲೆ ಸಿಗುತ್ತದೆ. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿಟ್ಟು ಅದರ ಕಹಿಯನ್ನೂ ನಂಜನ್ನೂ ತೆಗೆದ ಮೇಲೆಯೇ ಪಲ್ಯ ಮಾಡುವುದು. ಆದ್ದರಿಂದ ಹೋದ ಕೂಡಲೇ ಕೇಳಿದರೆ ಯಾರೂ ಮಾಡಿಕೊಡಲಾರರು, ಮೊದಲೇ ಹೇಳಿಟ್ಟಿರಬೇಕು. ಬೇಸಿಗೆಯ ಮೊದಲ ಭಾಗದಲ್ಲಿ ಬಂದವರು ಅಪ್ಪೆಮಿಡಿ ಕೊಯ್ಯುವುದನ್ನು ನೋಡಬಹುದು. ಹೊಳೆಯಂಚಿನ ಕಾಡುಮಾವಿನ ಆ ಎಳೆಯ ಮಿಡಿಗಳನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಇಳಿಸಬೇಕು, ಇಲ್ಲದಿದ್ದರೆ ಉಪ್ಪಿನಕಾಯಿ ವರ್ಷವಿಡೀ ಉಳಿಯುವುದಿಲ್ಲ.

ಸಂಕ್ರಾಂತಿಯ ನಂತರ ಕಬ್ಬು ಅರೆಯುವ ಆಲೆಮನೆಗಳ ಕಾಲ. ಆಗ ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ತೊಡೆದೇವು ಮಾಡುವುದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ಉಳಿದ ಕಾರ್ಯಕ್ರಮವನ್ನು ಒಂದಿಷ್ಟು ಮುಂದೂಡಿಯಾದರೂ ನೋಡಬೇಕು. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿರುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿದ ಹಿಟ್ಟು ಪಕ್ಕದಲ್ಲಿರುತ್ತದೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕ್ಷಣದಲ್ಲಿ ಅಂಚು ಬಿಡುತ್ತದೆ. ಕಾಗದದಷ್ಟು ತೆಳ್ಳಗಿನ ಆ ಹಾಳೆಯನ್ನು ಬಿಸಿಯಿರುವಾಗಲೇ ಎತ್ತಿ ಮಡಚಬೇಕು, ಅರೆನಿಮಿಷ ತಡವಾದರೂ ಗರಿಗಟ್ಟಿ ಮುರಿದುಹೋಗುತ್ತದೆ. ಬಟ್ಟೆ ಎಳೆಯುವ ಕೈಯೇ ಬೇರೆ, ಮಡಚುವ ಕೈಯೇ ಬೇರೆ. ಇಬ್ಬರ ನಡುವೆ ಮಾತಿಲ್ಲದೆ ಕೆಲಸ ನಡೆಯುತ್ತದೆ. ತುಪ್ಪ, ಹಾಲಿನ ಜೊತೆ ತಿನ್ನುವ ಈ ತಿಂಡಿ ಪೇಟೆಯ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿಯೂ ಸಿಗುತ್ತದೆ, ಆದರೆ ಒಲೆಯ ಮುಂದೆ ಕೂತು ತಿಂದವರು ಪೊಟ್ಟಣದ್ದನ್ನು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಎಲ್ಲ ಅನುಕೂಲವೂ ಒಂದೇ ತಿಂಗಳಿನಲ್ಲಿ ಸೇರುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ ಬನ್ನಿ ಎಂದು ನಾನು ಹೇಳುತ್ತೇನೆ. ಮಳೆ ಇಳಿಮುಖವಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಕೋಟೆಗಳ ಮೆಟ್ಟಿಲಿನ ಪಾಚಿ ಒಣಗಲು ತೊಡಗಿರುತ್ತದೆ, ತೋಟಗಳಲ್ಲಿ ಅಡಿಕೆ ಕೊಯ್ಲು ಆರಂಭವಾಗಿರುತ್ತದೆ.

ಮೊದಲ ದಿನ ಶಿವಮೊಗ್ಗದಿಂದ ಬೆಳಿಗ್ಗೆ ಹೊರಟರೆ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಸಾಗರವನ್ನು ಆರಾಮವಾಗಿ ತಲುಪಬಹುದು. ಕೆಳದಿ, ಇಕ್ಕೇರಿ ಎರಡೂ ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನ ಒಳಗೇ ಇವೆ, ಆದರೆ ಬೇರೆ ಬೇರೆ ದಿಕ್ಕಿನಲ್ಲಿ. ಮೊದಲು ಕೆಳದಿಗೆ ಹೋಗಬೇಕು. ಚೌಡಪ್ಪ ನಾಯಕನಿಂದ 1499ರ ಸುಮಾರಿಗೆ ಆರಂಭವಾದ ಈ ಮನೆತನ ವಿಜಯನಗರದ ಸಾಮಂತರಾಗಿದ್ದು, ಅದರ ಪತನದ ನಂತರ ಸ್ವತಂತ್ರವಾಗಿ ಬೆಳೆಯಿತು. ರಾಮೇಶ್ವರ ಮತ್ತು ವೀರಭದ್ರ ದೇವಾಲಯಗಳು ಒಂದೇ ಪ್ರಾಕಾರದಲ್ಲಿವೆ; ಕಲ್ಲಿನ ಗುಡಿಗೆ ಹೊಂದಿಕೊಂಡೇ ಮರದ ಕಂಬಗಳ, ಹಂಚಿನ ಮಾಡಿನ ಮಲೆನಾಡ ಮನೆಯ ಕಟ್ಟಡ ರೀತಿ ಸೇರಿಕೊಂಡಿರುವುದು ಇಲ್ಲಿಯ ವಿಶೇಷ. ವೀರಭದ್ರ ಗುಡಿಯ ಒಳಛಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡದೆ ಬರಬೇಡಿ. ಮೊಘಲರಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮ ಆಳಿದ್ದು ಇದೇ ಮನೆತನದಿಂದ, 1672ರಿಂದ 1697ರವರೆಗೆ. ಊರಿನಲ್ಲೇ ಇರುವ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳು, ಕಡತಗಳು, ಹಳೆಯ ನಾಣ್ಯಗಳು ಇವೆ. ಊರಿನವರ ಶ್ರದ್ಧೆಯಿಂದ ಒಟ್ಟಾದ ಸಂಗ್ರಹ ಅದು, ಮಕ್ಕಳನ್ನು ಕರೆದುಕೊಂಡು ಹೋಗಲು ಯೋಗ್ಯವಾದದ್ದು.

ಇಕ್ಕೇರಿಯ ಅಘೋರೇಶ್ವರ ದೇವಾಲಯ ಕೆಳದಿಯದಕ್ಕಿಂತ ಎಷ್ಟೋ ದೊಡ್ಡದು. ಎತ್ತರದ ಜಗತಿಯ ಮೇಲೆ, ಅಗಲವಾದ ಹುಲ್ಲುಹಾಸಿನ ನಡುವೆ ಒಂದೇ ಒಂದು ಭಾರಿ ಕಲ್ಲಿನ ಕಟ್ಟಡ, ಎದುರಿಗೆ ಬೇರೆಯಾಗಿಯೇ ನಿಂತ ನಂದಿಮಂಟಪ. ಹೆಚ್ಚಿನವರು ನಂದಿಯ ಮುಂದೆ ಚಿತ್ರ ತೆಗೆಸಿಕೊಂಡು, ಒಳಗೆ ಕೈಮುಗಿದು ಹೊರಟುಬಿಡುತ್ತಾರೆ. ಗರ್ಭಗುಡಿಯ ಮುಂದಿನ ನೆಲವನ್ನು ಬಗ್ಗಿ ನೋಡಬೇಕು. ಮೂವರು ಕೆಳದಿ ಅರಸರು ದೇವರಿಗೆ ನಮಸ್ಕರಿಸುತ್ತಿರುವ ರೂಪಗಳನ್ನು ಅಲ್ಲಿ ಕೊರೆದು, ಪಕ್ಕದಲ್ಲಿ ಅವರ ಹೆಸರು ಬರೆದಿದೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಸಂಕೋಲೆ ಇದೆ. ಹುಚ್ಚ ಸೋಮಪ್ಪ ನಾಯಕ ಎಂದು ಅವನನ್ನು ಗುರುತಿಸುತ್ತಾರೆ. ಶತಮಾನಗಳ ಕಾಲ ಭಕ್ತರ ಪಾದಗಳು ಓಡಾಡಿದ ಜಾಗದಲ್ಲಿ ತಮ್ಮ ಮನೆತನದವರನ್ನು ಹೀಗೆ ಮಲಗಿಸಿದವರ ಮನಸ್ಸು ಎಂಥದ್ದು ಎಂದು ಅಲ್ಲಿ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ. ಒಳಗಿನ ಪೀಠವನ್ನೂ ನೋಡಿ. ಸುತ್ತಲೂ ಕೂತ ಸ್ತ್ರೀರೂಪಗಳನ್ನು ಕೆತ್ತಿದ ಆ ಪೀಠ ಗರ್ಭಗುಡಿಯ ಬಹುಭಾಗವನ್ನು ತುಂಬಿಕೊಂಡಿದೆ. ಅದರ ಅಳತೆಯಿಂದಲೇ ಅದರ ಮೇಲಿದ್ದ, ಈಗ ಇಲ್ಲದ ಅಘೋರಮೂರ್ತಿಯ ಎತ್ತರವನ್ನು ಊಹಿಸಬೇಕು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಬರುವ ದಾರಿಯಲ್ಲಿ ಒಂದು ಗುಡಿಯ ಜಗುಲಿಯ ಮೇಲೆ ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಇಕ್ಕೇರಿಯಲ್ಲಿ ಹೆಂಗಸರು ಕೋಲು ಹಿಡಿದು ವೃತ್ತಾಕಾರವಾಗಿ ಕುಣಿಯುವುದನ್ನೂ ನೋಡಿದ್ದಾನೆ. ಅವನು ಕಂಡ ರಾಜಧಾನಿ ಈಗ ಇಲ್ಲ. ದೇವಾಲಯದ ಹಿಂದೆ ತೋಟ, ಗದ್ದೆ, ನಾಲ್ಕಾರು ಮನೆಗಳಿವೆ.

ಸಂಜೆಗೆ ಹೆಗ್ಗೋಡು ಹತ್ತಿರವೇ ಇದೆ. 1949ರಲ್ಲಿ ಆರಂಭವಾದ ನೀನಾಸಂ ರಂಗಸಂಸ್ಥೆ ಅಲ್ಲಿರುವುದು ಎಲ್ಲರಿಗೂ ಗೊತ್ತು. ಮಳೆಗಾಲದ ಕೊನೆಗೆ ಊರೂರು ಸುತ್ತುವ ಅದರ ‘ತಿರುಗಾಟ’ ತಂಡದ ಹೊಸ ನಾಟಕಗಳು ಸಿದ್ಧವಾಗುವುದರಿಂದ ನಾಟಕದ ದಿನ ಯಾವುದೆಂದು ವಿಚಾರಿಸಿಕೊಂಡು ಬಂದರೆ ಆ ಸಂಜೆ ಸಾರ್ಥಕ. ಸುತ್ತಲಿನ ಹೆಂಗಸರು ನೇಯ್ದ, ಸಹಜ ಬಣ್ಣದ, ‘ಚರಕ’ ಎಂಬ ಸಹಕಾರ ಸಂಘದ ಬಟ್ಟೆಗಳೂ ಅಲ್ಲೇ ಸಿಗುತ್ತವೆ. ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ಮರುದಿನ ಬೆಳಿಗ್ಗೆ ಪೇಟೆಯಲ್ಲಿ ನೋಡಬಹುದು.

ಜೋಗವನ್ನು ಬಿಡಬೇಕೇ ಎಂದು ಕೇಳುವವರಿದ್ದಾರೆ. ಬಿಡಬೇಕಾಗಿಲ್ಲ, ಸಾಗರದಿಂದ ಮೂವತ್ತು ಕಿಲೋಮೀಟರ್ ಅಷ್ಟೇ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರ್ ಕೆಳಕ್ಕೆ ಬೀಳುವ ಶರಾವತಿಯನ್ನು ತುಂಬು ರೂಪದಲ್ಲಿ ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್ ಒಳಗೇ ಬರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ನದಿ ಹೆಚ್ಚಿನ ಕಾಲ ವಿದ್ಯುತ್ ಉತ್ಪಾದನೆಯ ಲೆಕ್ಕಾಚಾರದಂತೆ ಹರಿಯುತ್ತದೆ. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗೆ ಕಾಯಬೇಕಾಗಿಲ್ಲ, 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆದಿದೆ. ಆ ಸೇತುವೆಯ ಮೇಲೆ ನಿಂತು ಹಿನ್ನೀರಿನ ಅಂದವನ್ನು ನೋಡುವಾಗ, ಆ ನೀರಿನ ತಳದಲ್ಲಿ ಗದ್ದೆ, ತೋಟ, ಗುಡಿ, ಮನೆಯ ಅಂಗಳಗಳಿವೆ ಎಂಬುದನ್ನು ಜೊತೆಗಿರುವ ಮಕ್ಕಳಿಗೆ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಮೊದಲಿನ ವಿದ್ಯುತ್ ಯೋಜನೆಗಾಗಿ ಕಟ್ಟಿದ ಆ ಅಣೆಯನ್ನೇ ನಂತರದ ಲಿಂಗನಮಕ್ಕಿ ಅಣೆ ಮುಳುಗಿಸಿತು. ನಾಡಿಗೆ ಬೆಳಕು ಕೊಡಲು ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಓಡಾಡುತ್ತಿದ್ದಾರೆ. ಇದನ್ನು ಬಿಟ್ಟು ಶರಾವತಿಯ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಎರಡನೆಯ ದಿನ ಸಾಗರದಿಂದ ಹೊಸನಗರದ ಮೂಲಕ ನಗರಕ್ಕೆ. ಇಕ್ಕೇರಿಯ ಮೇಲೆ 1637ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಾಳಿಯಾದ ನಂತರ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಇಲ್ಲಿಗೆ, ಆಗಿನ ಬಿದನೂರಿಗೆ, ಬಂತು. ಹೊಸನಗರ ದಾಟಿದ ಮೇಲೆ ಗುಡ್ಡಗಳು ಹತ್ತಿರವಾಗುವುದನ್ನು, ರಸ್ತೆಯ ಮೇಲೆ ಮರಗಳ ನೆರಳು ಬಿಡದೆ ಕೂಡಿಕೊಳ್ಳುವುದನ್ನು ಗಮನಿಸಿದರೆ ಅರಸರು ಈ ಜಾಗವನ್ನೇ ಏಕೆ ಆರಿಸಿದರೆಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ಉಳಿದಿರುವುದು ಯುದ್ಧಗಳಿಗಿಂತ ಹೆಚ್ಚಾಗಿ ಅವನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯಿಂದ. ಭೂಮಿಯನ್ನು ಅದರ ಮಣ್ಣು, ನೀರುಗಳನ್ನು ನೋಡಿ ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆಗಳಾಗಿ ವಿಂಗಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆಸಿ, ಅದರ ಮೇಲೆ ಕಂದಾಯ ನಿಗದಿ ಮಾಡಿದವನು ಅವನು. ಈ ಸೀಮೆಯ ಹಳಬರ ಮಾತಿನಲ್ಲಿ ಶಿವಪ್ಪ ನಾಯಕನ ಶಿಸ್ತು ಇನ್ನೂ ಬಳಕೆಯಲ್ಲಿದೆ.

ನಗರದ ಕೋಟೆ ದೊಡ್ಡ ಕೆರೆಯ ಪಕ್ಕದ ಗುಡ್ಡದ ಮೇಲಿದೆ. ಬಾಗಿಲು, ಕಾವಲು ಕೊಠಡಿಗಳು, ದರ್ಬಾರು ಜಾಗದ ಜಗತಿ, ಅಕ್ಕ ತಂಗಿಯರ ಕೊಳ, ಇಷ್ಟನ್ನು ಒಂದು ಗಂಟೆಯಲ್ಲಿ ಸುತ್ತಿ ಬರಬಹುದು. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡಾಗ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಆ ವರ್ಷಕ್ಕೆ ಕೆಳದಿಯ ಆಳ್ವಿಕೆ ಮುಗಿಯಿತು, ಊರಿಗೆ ಹೈದರ ನಗರ ಎಂಬ ಹೆಸರು ಬಂತು. ಆದರೆ ಕೋಟೆಗಿಂತ ಹೆಚ್ಚು ಹೊತ್ತನ್ನು ನೀವು ಊರಿನ ಸಮೀಪದ ದೇವಗಂಗೆಗೆ ಇಡಬೇಕು. ಕೆಳದಿ ಅರಸರ ಕಾಲದ ಸಾಲು ಕೊಳಗಳವು. ಒಂದು ನಕ್ಷತ್ರದ ಆಕಾರದಲ್ಲಿದೆ, ಇನ್ನೊಂದು ಕಮಲದ ಆಕಾರದಲ್ಲಿದೆ. ಗುಡ್ಡದಿಂದ ಇಳಿಯುವ ನೀರನ್ನು ಕಲ್ಲಿನ ಕಾಲುವೆಗಳಲ್ಲಿ ಹಿಡಿದು ತಂದು, ಒಂದು ಕೊಳ ತುಂಬಿದ ಮೇಲೆ ಮುಂದಿನದಕ್ಕೆ ಹರಿಯುವಂತೆ ಕಟ್ಟಿದ್ದಾರೆ. ಕಟ್ಟಿದವರು ಹೋಗಿ ಎರಡೂವರೆ ಶತಮಾನ ದಾಟಿದ್ದರೂ ನೀರು ಈಗಲೂ ಅದೇ ದಾರಿಯಲ್ಲಿ ಹರಿಯುತ್ತಿದೆ. ದಯವಿಟ್ಟು ಅಲ್ಲಿ ಸೋಪು ಹಚ್ಚಿಕೊಂಡು ಇಳಿಯಬೇಡಿ, ತಿಂಡಿಯ ಪೊಟ್ಟಣ ಬಿಟ್ಟು ಬರಬೇಡಿ.

ಆ ರಾತ್ರಿ ಹಳ್ಳಿಯ ಹೋಂಸ್ಟೇಯಲ್ಲಿ ಉಳಿಯುವುದು ಲೇಸು. ಊಟದ ವಿಚಾರವನ್ನು ಹಿಂದಿನ ದಿನವೇ ಫೋನಿನಲ್ಲಿ ಮಾತನಾಡಿಕೊಳ್ಳಿ. ಇಲ್ಲದಿದ್ದರೆ ಪೇಟೆಯವರಿಗೆ ಇಷ್ಟವಾಗಬಹುದೆಂದು ಅವರು ಪನ್ನೀರು, ಗೋಬಿಗಳ ಏರ್ಪಾಟು ಮಾಡಿಬಿಡುತ್ತಾರೆ. ಹೊಸನಗರದ ಕಡೆಯ ನನ್ನ ಚಿಕ್ಕಮ್ಮ ಯಾವಾಗಲೂ ಹೇಳುವುದು, “ನೀವು ಉಣ್ಣದು ಬೇಡ ಅಂದ್ರೆ ನಾವಾದ್ರೂ ಯಾರಿಗೆ ಮಾಡದು?” ಎಂದು. ಬೆಳಿಗ್ಗೆ ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿ, ಬೆಣ್ಣೆ, ಜೋನಿಬೆಲ್ಲ. ಮಧ್ಯಾಹ್ನಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಮಾಂಸಾಹಾರಿಗಳಿಗೆ ಕಡುಬು ಮತ್ತು ನಾಟಿಕೋಳಿ ಸಾರು ಎಂದು ನಿರ್ದಿಷ್ಟವಾಗಿ ಕೇಳಿದರೆ ಮನೆಯವರಿಗೂ ಸಂತೋಷ. ಅಡಿಕೆ ಸುಗ್ಗಿಯ ದಿನಗಳಾದರೆ ಊಟದ ನಂತರ ಅಂಗಳಕ್ಕೆ ಬಂದು ಕೂರಿ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ಅಡಿಕೆಯನ್ನು ಕತ್ತಿಗೆ ಒತ್ತಿ, ಸಿಪ್ಪೆ ಎಬ್ಬಿಸಿ, ಬೇಳೆಯನ್ನು ಡಬ್ಬಕ್ಕೆ ಹಾಕುತ್ತಿರುತ್ತಾರೆ. ಕೂಲಿಯ ಲೆಕ್ಕ ಡಬ್ಬದ ಮೇಲೆ. ಸುಲಿದದ್ದನ್ನು ಮರುದಿನ ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಸೇರಿಸಿ ಬೇಯಿಸಿ ಚಪ್ಪರದ ಮೇಲೆ ಹರವುತ್ತಾರೆ, ಅಡಿಕೆಗೆ ಕೆಂಪು ಬರುವುದು ಆ ಚೊಗರಿನಿಂದ. ಸುಲಿಯುವ ಯಂತ್ರಗಳು ಈಗ ಬಹಳ ಮನೆಗಳಿಗೆ ಬಂದಿವೆ, ಆದ್ದರಿಂದ ಕೈಯಲ್ಲಿ ಸುಲಿಯುವ ಅಂಗಳ ಸಿಕ್ಕರೆ ಬಿಡಬೇಡಿ.

ಚಾರಣ ಬೇಕೆನ್ನುವವರಿಗೆ ನಗರದಿಂದ ಕೊಡಚಾದ್ರಿ ಹತ್ತಿರ. 1,343 ಮೀಟರ್ ಎತ್ತರದ ಶಿಖರದ ಸಮೀಪದವರೆಗೆ ಜೀಪುಗಳು ಹೋಗುತ್ತವೆ, ನಡೆದೂ ಹತ್ತಬಹುದು. ಆದರೆ ಅದಕ್ಕೆ ಒಂದು ಪೂರ್ತಿ ಹಗಲು ಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಕವಲೇದುರ್ಗವೇ ಸಾಕು.

ಕವಲೇದುರ್ಗ ನಗರದಿಂದ ತೀರ್ಥಹಳ್ಳಿಯ ಕಡೆಗೆ ಬರುವಾಗ ಸಿಗುತ್ತದೆ. ವಾಹನ ಬಿಟ್ಟು ಗದ್ದೆಯ ಬದಿಯಲ್ಲಿ ನಡೆದು ಕಾಡು ಹೊಕ್ಕರೆ ಕಲ್ಲು ಹಾಸಿದ ದಾರಿ ಆರಂಭವಾಗುತ್ತದೆ. ಒಂದು ಬಾಗಿಲು ದಾಟಿ ತುಸು ಹತ್ತಿದರೆ ಇನ್ನೊಂದು ಬಾಗಿಲು, ಅದರಾಚೆ ಮತ್ತೊಂದು. ಪ್ರತಿಯೊಂದರ ಬಳಿ ದಾರಿ ತಿರುವು ಪಡೆದುಕೊಳ್ಳುವುದರಿಂದ ಮುಂದೇನಿದೆ ಎಂಬುದು ಹತ್ತುವವರಿಗೆ ಕಾಣುವುದಿಲ್ಲ, ಮೇಲಿನ ಕಾವಲಿನವರಿಗೆ ಮಾತ್ರ ಹತ್ತುವವರು ಕಾಣುತ್ತಾರೆ. ನಡುವೆ ಕಾಶಿ ವಿಶ್ವನಾಥನ ಗುಡಿ, ಅದರ ಮುಂದೆ ಎತ್ತರದ ಎರಡು ಕಂಬಗಳು. ಅರಮನೆಯ ಅಡಿಪಾಯದಲ್ಲಿ ಅಡುಗೆಮನೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಇನ್ನೂ ತಿಳಿಯುತ್ತದೆ; ಕಲ್ಲಿನ ಒಲೆ ಹಾಗೇ ಇದೆ. ತುದಿಯ ಪುಟ್ಟ ಗುಡಿಯವರೆಗೆ ಹತ್ತಿದರೆ ಪಶ್ಚಿಮಕ್ಕೆ ಸಾಲು ಬೆಟ್ಟಗಳು, ವಾರಾಹಿಯ ಹಿನ್ನೀರು ಕಾಣುತ್ತವೆ. ಕೆಳದಿಯಲ್ಲಿ ಬಯಲಿನಲ್ಲಿ ನಿಂತ ಗುಡಿಯನ್ನು ನೋಡಿ ಬಂದವರಿಗೆ ಇಷ್ಟು ಎತ್ತರದಲ್ಲಿ, ಇಷ್ಟು ಬಾಗಿಲುಗಳ ಹಿಂದೆ ಕಟ್ಟಿಕೊಂಡ ಮನೆಯನ್ನು ಕಂಡಾಗ ಆ ಮನೆತನದ ಆತಂಕ ಮನಸ್ಸಿಗೆ ತಟ್ಟುತ್ತದೆ. ನೇರವಾಗಿ ಇಲ್ಲಿಗೇ ಬಂದವರಿಗೆ ಅದು ಸುಲಭವಾಗಿ ತಟ್ಟಲಾರದು. ಈ ದಾರಿಯನ್ನು ಇದೇ ಕ್ರಮದಲ್ಲಿ ಸಾಗಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ನೀರು, ಬುತ್ತಿ ಒಯ್ಯಿರಿ. ಮಳೆ ಹನಿಯುತ್ತಿದ್ದರೆ ಚಪ್ಪಲಿಯಲ್ಲಿ ಹತ್ತಬೇಡಿ, ಆ ಕಲ್ಲುಗಳು ಬಹಳ ಜಾರುತ್ತವೆ.

ಕಾಡು ಹೊಗುವವರು ಎರಡು ಜೀವಿಗಳ ಬಗ್ಗೆ ಎಚ್ಚರ ವಹಿಸಬೇಕು. ಮಳೆಗಾಲದ ಇಂಬಳಗಳಿಂದ ರಕ್ತ ಹೋಗುತ್ತದೆಯೇ ಹೊರತು ಅಪಾಯವಿಲ್ಲ, ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತವೆ. ಆದರೆ ಡಿಸೆಂಬರಿನಿಂದ ಮೇ ವರೆಗಿನ ಒಣ ತಿಂಗಳುಗಳ ಉಣುಗು (ಉಣ್ಣಿ) ಹಾಗಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಮತ್ತು ಈ ಜಿಲ್ಲೆಯಲ್ಲಿ ಅದಕ್ಕೆ ಈಗಲೂ ಜನ ಬಲಿಯಾಗುತ್ತಿದ್ದಾರೆ. ಆ ತಿಂಗಳುಗಳಲ್ಲಿ ಬಂದರೆ ಮೈತುಂಬ ಬಟ್ಟೆ ಹಾಕಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬೇಡಿ, ತಿರುಗಿ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮರೆಯದೆ ತಿಳಿಸಿ.

ವಾಹನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಪೆಟ್ರೋಲು ತುಂಬಿಸಿಕೊಳ್ಳಿ, ನಡುವೆ ಸಿಗುತ್ತದೆಂಬ ಭರವಸೆ ಬೇಡ. ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲದಿರುವುದರಿಂದ ನಕಾಶೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ತಿರುವುಗಳಲ್ಲಿ ಹಾರನ್ ಮಾಡಿ, ಬಸ್ಸಿಗೆ ದಾರಿ ಬಿಡಿ. ಕತ್ತಲಾದ ಮೇಲೆ ಕಾಡುಕೋಣಗಳು ರಸ್ತೆಗೆ ಬರುತ್ತವೆ, ಸೂರ್ಯ ಮುಳುಗುವ ಮೊದಲು ಉಳಿಯುವ ಜಾಗ ಸೇರಿಕೊಳ್ಳಿ.

ಕೊನೆಯ ರಾತ್ರಿ ತೀರ್ಥಹಳ್ಳಿ. ಸಮಯ ಉಳಿದಿದ್ದರೆ ಕೊಪ್ಪದ ರಸ್ತೆಯಲ್ಲಿ ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯನ್ನೂ ಕವಿಶೈಲವನ್ನೂ ನೋಡಬಹುದು. ಆಗುಂಬೆಯ ಸೂರ್ಯಾಸ್ತಕ್ಕೆ ಮೂವತ್ತು ಕಿಲೋಮೀಟರ್ ಮುಂದಕ್ಕೆ ಹೋಗಬೇಕು. ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ, ನನ್ನನ್ನು ಕೇಳಿದರೆ ಕುಪ್ಪಳಿಯೇ ಮೇಲು. ಮರುದಿನ ಶಿವಮೊಗ್ಗಕ್ಕೆ ಬರುವ ಅರವತ್ತು ಕಿಲೋಮೀಟರಿನ ದಾರಿ ತುಂಗೆಯ ಜೊತೆಗೇ ಸಾಗುತ್ತದೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುವುದು ಜುಲೈನಿಂದ ಅಕ್ಟೋಬರ್ ನಡುವೆ. ರಸ್ತೆಯ ಬದಿಯಿಂದಲೇ ಕಾಣುತ್ತದೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳು ಗಾಜನೂರಿನ ಹಿನ್ನೀರಿನಲ್ಲಿ ಸ್ನಾನಕ್ಕೆ ಇಳಿಯುವುದು ಬೆಳಗಿನ ಹೊತ್ತು ಮಾತ್ರ, ಹನ್ನೊಂದು ಗಂಟೆಯ ಮೇಲೆ ಅವುಗಳನ್ನು ಕಾಡಿಗೆ ಬಿಟ್ಟಿರುತ್ತಾರೆ. ಆದ್ದರಿಂದ ತೀರ್ಥಹಳ್ಳಿಯಿಂದ ಏಳು ಗಂಟೆಗೆಲ್ಲ ಹೊರಡಿ, ತಿಂಡಿಯನ್ನು ದಾರಿಯಲ್ಲಿ ಮಾಡಿ. ಆನೆಗಳನ್ನು ನೋಡಿಕೊಂಡು ಶಿವಮೊಗ್ಗಕ್ಕೆ ಬಂದು ಊಟ ಮುಗಿಸಿದರೆ ಬೆಂಗಳೂರಿನ ಕಡೆಯವರು ರಾತ್ರಿಯೊಳಗೆ ಮನೆ ಸೇರಬಹುದು.